ಕಿಚ್ಚಿನ ಬೆಳಕಿನಲ್ಲಿ ಜನಸಂದಣಿ: ಸಂಕ್ರಾಂತಿಯ ಸಂಜೆಯನ್ನು ತೈಲವರ್ಣದಲ್ಲಿ ಚಿತ್ರಿಸುವ ಬಗೆ

ಮೈಸೂರು, ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಸಂಕ್ರಾಂತಿಯ ಸಂಜೆ ರಾಸುಗಳಿಗೆ ಕಿಚ್ಚು ಹಾಯಿಸುವ ದೃಶ್ಯ ತೈಲವರ್ಣದ ಚಿತ್ರಕಾರರಿಗೆ ಹೇಳಿ ಮಾಡಿಸಿದಂಥದ್ದು. ಮೈ ತೊಳೆಸಿಕೊಂಡು, ಅರಿಸಿನ ಬಳಿಸಿಕೊಂಡು, ಕೊಂಬಿಗೆ ಬಣ್ಣ, ಕೊರಳಿಗೆ ಹೂವು ಗೆಜ್ಜೆಗಳನ್ನು ತೊಟ್ಟ ಎತ್ತುಗಳು ರಸ್ತೆಗೆ ಅಡ್ಡಲಾಗಿ ಹರಡಿದ ಒಣಹುಲ್ಲಿನ ಉರಿಯನ್ನು ಹಾರಿ ದಾಟುತ್ತವೆ. ಹಗ್ಗ ಹಿಡಿದ ಯುವಕರು ಜೊತೆಯಲ್ಲೇ ಓಡುತ್ತಾರೆ. ಇಕ್ಕೆಲಗಳಲ್ಲಿ ಊರಿಗೆ ಊರೇ ನಿಂತಿರುತ್ತದೆ. ಮೈಸೂರಿನ ಸಮೀಪದ ಸಿದ್ದಲಿಂಗಪುರದಲ್ಲಿ ಇದನ್ನು ನೋಡಲು ನಗರದಿಂದಲೂ ಜನ ಸೇರುತ್ತಾರೆ. ಇಂಥ ದೃಶ್ಯವನ್ನು ಬರೆಯಲು ಹೊರಟವರಲ್ಲಿ ಹೆಚ್ಚಿನವರು ಶ್ರಮವನ್ನೆಲ್ಲ ಜ್ವಾಲೆಯ ಮೇಲೆ ಸುರಿಯುತ್ತಾರೆ. ಆದರೆ ಜ್ವಾಲೆ ಕ್ಯಾನ್ವಾಸಿನ ಹತ್ತನೆಯ ಒಂದು ಪಾಲನ್ನೂ ಆಕ್ರಮಿಸಬೇಕಾಗಿಲ್ಲ. ಅಲ್ಲಿ ಬೆಂಕಿ ಉರಿಯುತ್ತಿದೆಯೆಂದು ನೋಡುಗರನ್ನು ನಂಬಿಸುವುದು ಆ ಬೆಳಕು ತಾಗಿದ ಗದ್ದ, ಮೊಣಕಾಲು, ಎತ್ತಿನ ಹೊಟ್ಟೆಯ ಅಡಿಭಾಗ ಮತ್ತು ಅವುಗಳ ಹಿಂದೆ ಕಾಯ್ದಿಟ್ಟ ಕತ್ತಲೆ. ಈ ಲೇಖನದಲ್ಲಿ ಹೇಳುವ ಪ್ರತಿಯೊಂದು ಕ್ರಮವೂ ಆ ಕತ್ತಲೆಯನ್ನು ಕಾಯ್ದುಕೊಳ್ಳುವ ಉಪಾಯವೇ ಆಗಿದೆ.

ಕುಂಚ ಹಿಡಿಯುವ ಮೊದಲು ನೋಡಬೇಕಾದದ್ದು

ಜನವರಿಯ ಮಧ್ಯಭಾಗದಲ್ಲಿ ಮೈಸೂರಿನ ಕಡೆ ಸೂರ್ಯ ಮುಳುಗುವುದು ಸಂಜೆ 6.15ರಿಂದ 6.20ರ ಆಸುಪಾಸಿನಲ್ಲಿ. ಅದಕ್ಕೂ ಮುಂಚೆ ಹೊತ್ತಿಸಿದ ಕಿಚ್ಚು ಬರಿಯ ಹೊಗೆಯಾಗಿ ಕಾಣುತ್ತದೆ. ಪೂರ್ತಿ ಕತ್ತಲಾದ ಮೇಲೆ ಕಿಚ್ಚೊಂದನ್ನು ಬಿಟ್ಟು ಮತ್ತೇನೂ ಕಾಣುವುದಿಲ್ಲ. ಇವೆರಡರ ನಡುವಿನ ಸುಮಾರು 20 ನಿಮಿಷಗಳಲ್ಲಿ ಆಕಾಶದ ತಣ್ಣನೆಯ ನೀಲಿ ಬೆಳಕು ಮೇಲಿನಿಂದಲೂ ಬೆಂಕಿಯ ಬಿಸಿ ಬೆಳಕು ಕೆಳಗಿನಿಂದಲೂ ಒಂದೇ ಮೈಯ ಮೇಲೆ ಬೀಳುತ್ತವೆ. ಚಿತ್ರಕ್ಕೆ ಆರಿಸಿಕೊಳ್ಳಬೇಕಾದದ್ದು ಈ ಹೊತ್ತನ್ನೇ ಎಂಬುದು ನನ್ನ ಖಚಿತ ಅಭಿಪ್ರಾಯ. ಎರಡು ಬೆಳಕುಗಳಿದ್ದಾಗ ಆಕೃತಿಯ ದುಂಡುತನವನ್ನು ನೆರಳು ಬೆಳಕಿನ ಏರಿಳಿತದಿಂದ ಮಾತ್ರವಲ್ಲದೆ ಬಣ್ಣದ ಬದಲಾವಣೆಯಿಂದಲೂ ತೋರಿಸಬಹುದು. ನಡುರಾತ್ರಿಯ ಬೆಂಕಿಯನ್ನು ಆರಿಸಿಕೊಂಡವರಿಗೆ ಈ ಅನುಕೂಲವಿಲ್ಲ, ಅವರ ಅರ್ಧ ಕ್ಯಾನ್ವಾಸು ಬರಿಯ ಕಪ್ಪಾಗಿ ಉಳಿಯುತ್ತದೆ.

ಸೌದೆಯ ರಾಶಿಯ ಬೆಂಕಿಗೂ ಹುಲ್ಲಿನ ಬೆಂಕಿಗೂ ಬಹಳ ವ್ಯತ್ಯಾಸವಿದೆ. ಕಾಮದಹನದ ರಾಶಿ ಎತ್ತರಕ್ಕೆ ಉರಿಯುತ್ತದೆ, ತಾಸುಗಟ್ಟಲೆ ನಿಲ್ಲುತ್ತದೆ, ಕೆಂಡ ಬಿಡುತ್ತದೆ. ಹುಲ್ಲು ಭಗ್ಗನೆ ಎದ್ದು ಕೆಲವೇ ನಿಮಿಷಗಳಲ್ಲಿ ಬೂದಿಯಾಗುತ್ತದೆ. ಮತ್ತೆ ಮತ್ತೆ ಹುಲ್ಲು ಎಸೆಯುತ್ತಲೇ ಇರಬೇಕು, ಆದ್ದರಿಂದ ಉರಿಯ ಎತ್ತರ ಮೊಣಕಾಲಿನಿಂದ ಎದೆಯವರೆಗೆ ಏರಿಳಿಯುತ್ತಿರುತ್ತದೆ. ಚಿತ್ರಕ್ಕೆ ಮೊಣಕಾಲಿನ ಎತ್ತರದ ಉರಿಯನ್ನು ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಬೆಳಕಿನ ಮೂಲ ಅಷ್ಟು ಕೆಳಗಿದ್ದಾಗ ಮನುಷ್ಯರ ಮುಖದ ವ್ಯಾಕರಣವೇ ತಲೆಕೆಳಗಾಗುತ್ತದೆ. ಗದ್ದದ ಅಡಿ, ಮೂಗಿನ ಹೊಳ್ಳೆಯ ಅಂಚು, ಮೇಲ್ದುಟಿಯ ಅಡಿಭಾಗ, ಹುಬ್ಬಿನ ಕೆಳಗಿನ ಗುಳಿ, ಇವು ಬೆಳಗುತ್ತವೆ. ಹಗಲಿನಲ್ಲಿ ಮೊದಲು ಹೊಳೆಯುವ ಹಣೆ ಮತ್ತು ಮೂಗಿನ ದಂಡೆ ಮಂಕಾಗುತ್ತವೆ. ನಿಂತ ಗಂಡಸಿನ ಪಂಚೆಯ ಅಂಚು ಮುಖಕ್ಕಿಂತ ಹೆಚ್ಚು ಬೆಳಗಿರುತ್ತದೆ. ಎತ್ತಿನಲ್ಲಿ ಗಂಗೆದೊಗಲಿನ ಮಡಿಕೆಗಳು, ಮುಂಗಾಲಿನ ಒಳಬದಿ, ಹೊಟ್ಟೆಯ ಅಡಿ ಇವು ಹೊನ್ನಿನ ಬಣ್ಣ ತಾಳಿದರೆ, ಬೆನ್ನು ಮತ್ತು ಹಿಣಿಲಿನ ಮೇಲ್ಭಾಗ ಆಕಾಶದ ಬೂದು ನೀಲಿಯಲ್ಲಿ ಉಳಿಯುತ್ತವೆ. ಹಣೆಯ ಮೇಲೆ ಬೆಂಕಿಯ ಬೆಳಕನ್ನು ಬಳಿದುಬಿಟ್ಟರೆ ನೋಡುಗರಿಗೆ ಕಾರಣ ಹೊಳೆಯದಿದ್ದರೂ ಚಿತ್ರ ಸುಳ್ಳೆನ್ನಿಸುತ್ತದೆ.

ಬೆಳಕು ದೂರ ಹೋದಂತೆ ಎಷ್ಟು ಕುಗ್ಗುತ್ತದೆ ಎಂಬುದನ್ನೂ ತಿಳಿದಿರಬೇಕು. ಒಂದೇ ಕಡೆ ಉರಿಯುವ ಸಣ್ಣ ಬೆಂಕಿಯಿಂದ ಎರಡರಷ್ಟು ದೂರ ಸರಿದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ, ಮೂರರಷ್ಟಾದರೆ ಒಂಬತ್ತನೆಯ ಒಂದು ಭಾಗಕ್ಕೆ. ಕಿಚ್ಚು ಹಾಗಲ್ಲ, ಅದು ರಸ್ತೆಯಗಲಕ್ಕೂ ಹರಡಿದ ಉದ್ದನೆಯ ಗೆರೆ. ಅದರ ಹತ್ತಿರ ನಿಂತವರ ಮಟ್ಟಿಗೆ ದೂರ ಎರಡರಷ್ಟಾದಾಗ ಬೆಳಕು ಅರ್ಧದಷ್ಟು ಮಾತ್ರ ಕುಗ್ಗುತ್ತದೆ; ಸಾಕಷ್ಟು ದೂರ ಹೋದ ಮೇಲಷ್ಟೇ ಮೊದಲಿನ ಲೆಕ್ಕ ಅನ್ವಯಿಸುತ್ತದೆ. ಇದರಿಂದ ಚಿತ್ರಕಾರರಿಗೆ ಆಗುವ ಲಾಭವೆಂದರೆ, ಮುಂದಿನ ಎರಡು ಸಾಲುಗಳ ಜನರನ್ನು ಸಾಕಷ್ಟು ಬೆಳಕಿನಲ್ಲಿ ತೋರಿಸಬಹುದು. ಮೂರನೆಯ ಸಾಲಿನಿಂದಾಚೆಗೆ ಮಾತ್ರ ಧಾರಾಳವಾಗಿ ಕತ್ತಲೆಗೆ ಬಿಡಬೇಕು. ಹೆಚ್ಚಿನ ಚಿತ್ರಗಳು ಸೋಲುವುದು ಇಲ್ಲಿಯೇ. ಹತ್ತನೆಯ ಸಾಲಿನವನ ಮುಖದಲ್ಲೂ ಕಿತ್ತಳೆ ಬಣ್ಣ ಹೊಳೆಯತೊಡಗಿದರೆ ಕಿಚ್ಚು ಮದುವೆಮನೆಯ ವಿದ್ಯುದ್ದೀಪದಂತೆ ಸಪ್ಪಗಾಗುತ್ತದೆ.

ಬೆಂಕಿಯ ಬೆಳಕಿನಲ್ಲಿ ಬಟ್ಟೆಗಳ ಬಣ್ಣವೂ ಅವುಗಳ ಮಾತು ಕೇಳುವುದಿಲ್ಲ. ಜ್ವಾಲೆಯ ಬೆಳಕಿನಲ್ಲಿ ನೀಲಿಯ ಅಂಶ ಅತ್ಯಲ್ಪವಾದ್ದರಿಂದ ಕಡು ನೀಲಿ ಸೀರೆ ಹೆಚ್ಚುಕಡಿಮೆ ಕಪ್ಪಾಗಿ ಕಾಣುತ್ತದೆ, ಗಿಳಿಹಸಿರು ಪಾಚಿಯ ಬಣ್ಣಕ್ಕೆ ತಿರುಗುತ್ತದೆ, ಕೆಂಪು ಮತ್ತು ಕೇಸರಿ ಉಬ್ಬಿ ಬರುತ್ತವೆ. ಬಿಳಿ ಪಂಚೆಗೂ ತಿಳಿ ಹಳದಿ ಪಂಚೆಗೂ ಭೇದವೇ ಉಳಿಯುವುದಿಲ್ಲ. ಅರಿಸಿನ ಬಳಿದ ಎತ್ತಿನ ಪಕ್ಕದಲ್ಲಿ ಬಳಿಯದ ಬಿಳಿಯ ಎತ್ತು ನಿಂತಿದ್ದರೆ ಇದು ಚೆನ್ನಾಗಿ ತಿಳಿಯುತ್ತದೆ: ಉರಿಯ ಕಡೆಯಿಂದ ಎರಡೂ ಒಂದೇ ಹೊನ್ನಿನ ಬಣ್ಣ. ಅರಿಸಿನದ ಗುರುತು ಸಿಗುವುದು ಆಕಾಶದ ಬೆಳಕು ಬಿದ್ದ ಬೆನ್ನಿನಲ್ಲಿ. ಅಲ್ಲಿ ಒಂದು ಬೂದು ನೀಲಿಯಾದರೆ ಇನ್ನೊಂದು ಹಸಿರು ಛಾಯೆಯ ಮಂಕು ಹಳದಿ. ದೂರದ ಕತ್ತಲೆಯಲ್ಲಿರುವವರ ವಿಷಯ ಬೇರೆ. ಬೆಳಕು ತೀರ ಕಡಿಮೆಯಾದಾಗ ನಮ್ಮ ಕಣ್ಣು ಕೆಂಪನ್ನು ಮೊದಲು ಕಳೆದುಕೊಳ್ಳುತ್ತದೆ, ನೀಲಿ ತುಸು ತಿಳಿಯಾಗಿ ಕಾಣುತ್ತದೆ. ಆದ್ದರಿಂದ ಹಿಂದಿನ ಗುಂಪನ್ನು ಕಡುಕಂದಿನಲ್ಲಿ ಬರೆಯುವ ರೂಢಿಯನ್ನು ಬಿಟ್ಟು ನೀಲಿ ಬೂದಿನಲ್ಲಿ ಬರೆದರೆ, ಮುಂದಿನ ಕಂದು ಕೆಂಪುಗಳು ತಾವಾಗಿಯೇ ಬಿಸಿಯೇರುತ್ತವೆ.

ಫೋಟೋಗಳನ್ನು ನೆನಪಿಗಾಗಿ ಇಟ್ಟುಕೊಳ್ಳಬಹುದು, ಪ್ರಮಾಣವೆಂದು ನಂಬಬಾರದು. ಮೊಬೈಲ್ ಕ್ಯಾಮೆರಾ ಜನರಿಗೆ ಹೊಂದಿಸಿಕೊಂಡರೆ ಜ್ವಾಲೆ ಬಿಳಿಯ ತೇಪೆಯಾಗುತ್ತದೆ. ಜ್ವಾಲೆಗೆ ಹೊಂದಿಸಿಕೊಂಡರೆ ಜನ ಮಾಯವಾಗುತ್ತಾರೆ. ಬೆಳಕಿನ ಮಟ್ಟವನ್ನು ಬೆರಳಿನಿಂದ ಜಾರಿಸಿ ಒಂದೇ ದೃಶ್ಯವನ್ನು ಎರಡು ಬಗೆಯಲ್ಲಿ ತೆಗೆದುಕೊಳ್ಳಬೇಕು, ಜೊತೆಗೆ ಪೆನ್ಸಿಲಿನಲ್ಲಿ ಟಿಪ್ಪಣಿ ಬರೆದುಕೊಳ್ಳಬೇಕು: ಯಾವುದಕ್ಕಿಂತ ಯಾವುದು ಬೆಳಗಿತ್ತು, ಹೊಗೆ ಯಾವ ಕಡೆ ವಾಲಿತ್ತು, ಹಗ್ಗ ಹಿಡಿದವನ ಮೈ ಎತ್ತ ಬಾಗಿತ್ತು. ಗಾಳಿ ಬೀಸಿಬರುವ ಕಡೆಗೆ ಬೆನ್ನು ಮಾಡಿ ನಿಂತರೆ ಹೊಗೆಯಿಂದ ಸ್ವಲ್ಪ ದೂರವಿರಬಹುದು.

ಜನರನ್ನು ನಿಲ್ಲಿಸುವ ಬಗೆ

ಜನಸಂದಣಿಯೆಂದರೆ ಹಲವು ಮುಖಗಳನ್ನು ಬರೆಯುವುದು ಎಂಬ ತಿಳಿವಳಿಕೆಯನ್ನು ಮೊದಲು ಬಿಡಬೇಕು. ಬೆಂಕಿಯ ಸುತ್ತ ನಿಂತ ಗುಂಪಿನಲ್ಲಿ ಬೆಳಕಿನ ದೃಷ್ಟಿಯಿಂದ ಮೂರೇ ಬಗೆಯ ಜನರಿರುತ್ತಾರೆ. ನಮಗೂ ಬೆಂಕಿಗೂ ನಡುವೆ ಬೆನ್ನು ಮಾಡಿ ನಿಂತವರು ಕಪ್ಪು ಆಕೃತಿಗಳಾಗಿ ಕಾಣುತ್ತಾರೆ. ಅವರ ಕಿವಿ, ಕೆನ್ನೆ, ತೋಳುಗಳ ಅಂಚಿನಲ್ಲಿ ಮಾತ್ರ ಕಿತ್ತಳೆಯ ಎಳೆ ಇರುತ್ತದೆ. ಬೆಂಕಿಯಾಚೆ ನಮ್ಮತ್ತ ಮುಖ ಮಾಡಿದವರು ಪೂರ್ತಿ ಬೆಳಗುತ್ತಾರೆ. ಎಡಬಲಗಳಲ್ಲಿರುವವರು ಅರ್ಧ ಬೆಳಗಿ ಅರ್ಧ ನೆರಳಿನಲ್ಲಿರುತ್ತಾರೆ. ಈ ಮೂರರಲ್ಲಿ ಹೊಸಬರು ಬಿಟ್ಟುಬಿಡುವುದು ಮೊದಲನೆಯವರನ್ನು, ಆದರೆ ಚಿತ್ರಕ್ಕೆ ಆಳ ಬರುವುದೇ ಅವರಿಂದ. ಮುಂಭಾಗದಲ್ಲಿ ತಲೆಗೆ ಟವಲು ಸುತ್ತಿದ ಒಬ್ಬನನ್ನೋ ಮಗುವನ್ನು ಹೆಗಲಿಗೇರಿಸಿಕೊಂಡ ಒಬ್ಬಳನ್ನೋ ಕಡುಕಪ್ಪಿನಲ್ಲಿ ನಿಲ್ಲಿಸಿ, ಜ್ವಾಲೆಯ ಅತ್ಯಂತ ಪ್ರಖರ ಭಾಗವನ್ನು ಅವರ ದೇಹದ ಮರೆಗೆ ಸರಿಸಿದರೆ, ಬಣ್ಣದ ಟ್ಯೂಬಿನಲ್ಲಿಲ್ಲದ ಪ್ರಕಾಶ ಚಿತ್ರಕ್ಕೆ ಬರುತ್ತದೆ.

ಬೆಳಕಿನ ಮೂಲವನ್ನು ಮರೆಮಾಡುವ ಈ ಉಪಾಯ ಹಳೆಯದು. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಎಸ್. ಎಲ್. ಹಳದಣಕರ್ ಅವರ ದೀಪ ಹಿಡಿದ ಮಹಿಳೆಯ ಚಿತ್ರವನ್ನು ನೋಡದ ಕನ್ನಡಿಗರು ಕಡಿಮೆ. ಎಷ್ಟೋ ಜನ ಅದನ್ನು ರವಿವರ್ಮನದೆಂದು ತಿಳಿದಿದ್ದಾರೆ. ಅದು ಜಲವರ್ಣ, ಎಣ್ಣೆಬಣ್ಣವಲ್ಲ, ಅಲ್ಲಿ ಜನಸಂದಣಿಯೂ ಇಲ್ಲ. ಆದರೂ ಅದರ ಮುಂದೆ ನಿಂತು ಗಮನಿಸಬೇಕಾದ ಪಾಠವೊಂದಿದೆ: ದೀಪಕ್ಕೆ ಅಡ್ಡ ಹಿಡಿದ ಕೈಯ ಬೆರಳುಗಳ ಸಂದಿನಲ್ಲಿ ಬೆಳಕು ಕೆಂಪಾಗಿ ಸೋಸಿ ಬರುತ್ತದೆ, ಮುಖ ಬೆಳಗುತ್ತದೆ, ಜ್ವಾಲೆ ಮಾತ್ರ ಸಂಕೋಚದಿಂದ ಹಿಂದೆ ಸರಿದಿದೆ. ಬಹುಜನರ ದೃಶ್ಯದಲ್ಲಿ ಇದನ್ನೇ ದೊಡ್ಡದಾಗಿ ಮಾಡಿದವನು ಡಚ್ ಚಿತ್ರಕಾರ ರೆಂಬ್ರಾಂಟ್. ಆಮ್‌ಸ್ಟರ್‌ಡ್ಯಾಮಿನ ಹೊಸ ಪುರಭವನಕ್ಕಾಗಿ 1661-62ರಲ್ಲಿ ಅವನು ಬರೆದ, ಈಗ ಸ್ಟಾಕ್‌ಹೋಮಿನ ರಾಷ್ಟ್ರೀಯ ಸಂಗ್ರಹಾಲಯದಲ್ಲಿರುವ, ರೋಮನ್ನರ ವಿರುದ್ಧ ದಂಗೆಯೆದ್ದ ನಾಯಕ ಕ್ಲಾಡಿಯಸ್ ಸಿವಿಲಿಸ್‌ನ ಚಿತ್ರದಲ್ಲಿ ಮೇಜಿನ ಮೇಲಿನ ದೀಪ ಕಾಣುವುದೇ ಇಲ್ಲ. ಮುಂದೆ ಕುಳಿತವರ ಕಪ್ಪು ಮೈಗಳ ಹಿಂದಿನಿಂದ ಮೇಜುವಸ್ತ್ರ ಬೆಳಗುತ್ತದೆ. ಇದಕ್ಕೆ ತೀರ ಭಿನ್ನವಾದ ದಾರಿ ಇಂಗ್ಲಿಷ್ ಚಿತ್ರಕಾರ ಟರ್ನರನದು. 1834ರ ಅಕ್ಟೋಬರಿನಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಭವನ ಹೊತ್ತಿ ಉರಿದುದನ್ನು ಅವನು ಮರುವರ್ಷ ಎರಡು ತೈಲಚಿತ್ರಗಳಲ್ಲಿ ಬರೆದ. ಅಲ್ಲಿ ಬೆಂಕಿ ಬಯಲಲ್ಲೇ ಇದೆ, ನೆರೆದ ಜನ ಮಾತ್ರ ಮುಖಗಳಿಲ್ಲದ ಒಂದು ರಾಶಿ. ಕಿಚ್ಚಿನ ಚಿತ್ರಕ್ಕೆ ಮೊದಲನೆಯ ದಾರಿಯೇ ಒಗ್ಗುತ್ತದೆ, ಏಕೆಂದರೆ ಇಲ್ಲಿ ಜನ ನಮಗೆ ಬಹಳ ಹತ್ತಿರವಿದ್ದಾರೆ.

ಎಡದಿಂದ ಬಲಕ್ಕೆ 36 ಅಂಗುಲ, ಮೇಲಿನಿಂದ ಕೆಳಕ್ಕೆ 24 ಅಂಗುಲದ ಕ್ಯಾನ್ವಾಸು ಈ ದೃಶ್ಯಕ್ಕೆ ಹದವಾದ ಅಳತೆ. ಇದಕ್ಕಿಂತ ಚಿಕ್ಕದಾದರೆ ತಲೆಗಳು ಸಾಸಿವೆಗಳಾಗುತ್ತವೆ. ಕಿಚ್ಚಿನ ಗೆರೆಯನ್ನು ಕೆಳಗಿನ ಮೂರನೆಯ ಒಂದು ಭಾಗದಲ್ಲಿ ತುಸು ಓರೆಯಾಗಿ ಹಾಯಿಸಿ, ಹಾರುವ ಎತ್ತನ್ನು ನಡುಮಧ್ಯದಿಂದ ಸ್ವಲ್ಪ ಪಕ್ಕಕ್ಕೆ ಇಡಬೇಕು. ನೋಡುಗ ಸಮತಟ್ಟಾದ ನೆಲದ ಮೇಲೆ ನಿಂತಿದ್ದಾನೆಂದುಕೊಂಡರೆ ಅವನಷ್ಟೇ ಎತ್ತರದ ವಯಸ್ಕರೆಲ್ಲರ ಕಣ್ಣುಗಳೂ, ಅವರು ಎಷ್ಟೇ ದೂರದಲ್ಲಿರಲಿ, ಒಂದೇ ಅಡ್ಡಗೆರೆಯ ಮೇಲೆ ಬರುತ್ತವೆ. ದೂರ ಹೋದಂತೆ ತಲೆ ಚಿಕ್ಕದಾಗುತ್ತದೆ, ಪಾದಗಳು ಮೇಲಕ್ಕೇರುತ್ತವೆ. ಈ ನಿಯಮ ಸರಿಯಾಗಿ ಕೂತರೆ ಗುಂಪಿನ ಅರ್ಧ ಕೆಲಸ ಮುಗಿದಂತೆ. ಆದರೆ ಹಾಗೆ ಸಾಲಾಗಿ ಬಂದ ತಲೆಗಳು ಮಣಿಸರವಾಗಬಾರದು. ಟ್ರ್ಯಾಕ್ಟರಿನ ಮೇಲೇರಿದ ಹುಡುಗರು, ಜಗಲಿಯ ಮೇಲೆ ನಿಂತ ಹೆಂಗಸರು, ಕಾಲುಗಳ ಸಂದಿಯಿಂದ ಇಣುಕುವ ಮಕ್ಕಳು ಆ ಗೆರೆಯನ್ನು ಮೇಲೆ ಕೆಳಗೆ ಒಡೆಯಬೇಕು. ನಡುವೆ ಒಂದೆರಡು ಕಡೆ ಗುಂಪು ಬಿರಿದು ಹಿಂದಿನ ಕತ್ತಲೆ ಕಾಣಬೇಕು. ಐದಾರು ಮುಖಗಳನ್ನು ಪೂರ್ತಿಯಾಗಿ ಬರೆದು, ಹತ್ತು ಹನ್ನೆರಡನ್ನು ಅರ್ಧಕ್ಕೆ ಬಿಟ್ಟು, ಉಳಿದವನ್ನು ಹೆಗಲು, ರುಮಾಲು, ಎತ್ತಿದ ಕೈಗಳ ಸೂಚನೆಯಲ್ಲೇ ಮುಗಿಸಿದರೆ ನೂರು ಜನ ನಿಂತಂತೆ ತೋರುತ್ತದೆ.

ಈಗಿನ ಯಾವ ಹಳ್ಳಿಯಲ್ಲೂ ಎತ್ತಿದ ಕೈಗಳಲ್ಲಿ ಮೊಬೈಲು ಇರುತ್ತದೆ. ಅದನ್ನು ಅಳಿಸಿ ಹಳೆಯ ಕಾಲದ ಚಿತ್ರ ಮಾಡುವವರ ಬಗ್ಗೆ ನನಗೆ ತಕರಾರಿಲ್ಲ. ಆದರೆ ನೆರಳಿನ ಭಾಗದಲ್ಲಿ ಒಂದೇ ಒಂದು ಸಣ್ಣ ಪರದೆಯ ತಣ್ಣನೆಯ ನೀಲಿ ಚೌಕ ಇದ್ದರೆ ಉಳಿದೆಲ್ಲ ಬಿಸಿ ಬಣ್ಣಕ್ಕೆ ಅದು ಅಳತೆಗೋಲಾಗುತ್ತದೆ. ಬೀದಿದೀಪವನ್ನು ಮಾತ್ರ ನಿರ್ದಾಕ್ಷಿಣ್ಯವಾಗಿ ಆರಿಸಬೇಕು.

ಇಷ್ಟನ್ನು ಯೋಚಿಸಿದ ಮೇಲೆ ಪೋಸ್ಟ್‌ಕಾರ್ಡಿನ ಗಾತ್ರದ ನಾಲ್ಕಾರು ಸ್ಕೆಚ್‌ಗಳನ್ನು ಕಪ್ಪು, ನಡುಬೂದು, ಬಿಳಿ ಎಂಬ ಮೂರೇ ಛಾಯೆಗಳಲ್ಲಿ ಮಾಡಬೇಕು. ಕ್ಯಾನ್ವಾಸಿನ ಅರ್ಧಕ್ಕಿಂತ ಹೆಚ್ಚು ಕಪ್ಪು, ಮೂರನೆಯ ಒಂದರಷ್ಟು ನಡುಬೂದು, ಉಳಿದ ಅಲ್ಪ ಭಾಗ ಬಿಳಿ ಎಂಬ ಹಂಚಿಕೆ ಒಳ್ಳೆಯ ಆರಂಭ. ಮೂರು ಛಾಯೆಗಳಲ್ಲಿ ಅರ್ಥವಾಗದ ದೃಶ್ಯವನ್ನು ಬಣ್ಣ ಹಚ್ಚಿ ಉಳಿಸಿಕೊಳ್ಳಲಾಗುವುದಿಲ್ಲ.

ತಳ, ಬಣ್ಣಗಳು ಮತ್ತು ಮೊದಲ ಪದರ

ಬಿಳಿ ಕ್ಯಾನ್ವಾಸಿನ ಮೇಲೆ ಈ ಚಿತ್ರವನ್ನು ಆರಂಭಿಸಿದರೆ ಮೊದಲಿಟ್ಟ ಬಣ್ಣವೆಲ್ಲ ಕಪ್ಪಾಗಿ ಕಂಡು ಮೋಸ ಮಾಡುತ್ತದೆ. ಬರ್ನ್ಟ್ ಅಂಬರ್ ಎಂಬ ಕಡುಕಂದು ಮಣ್ಣಿನ ಬಣ್ಣಕ್ಕೆ ತುಸು ಅಲ್ಟ್ರಾಮರೀನ್ ನೀಲಿ ಬೆರೆಸಿ, ಟರ್ಪೆಂಟೈನಿನಲ್ಲಿ ತೆಳುವಾಗಿಸಿ ಇಡೀ ಕ್ಯಾನ್ವಾಸಿಗೆ ಬಳಿದು, ಹಳೆಯ ಹತ್ತಿಬಟ್ಟೆಯಿಂದ ಒರೆಸಿ ನಡುಮಟ್ಟಕ್ಕಿಂತ ಸ್ವಲ್ಪ ಗಾಢವಾದ ಕಂದುತಳವನ್ನು ಸಿದ್ಧಪಡಿಸಿಕೊಳ್ಳಬೇಕು. ಪೂರಾ ಕಪ್ಪು ತಳವನ್ನು ಕೆಲವರು ಶಿಫಾರಸು ಮಾಡುತ್ತಾರೆ. ಅದರ ಮೇಲೆ ತೆಳು ಬಣ್ಣಗಳೆಲ್ಲ ಇಂಗಿಹೋಗುವುದರಿಂದ ನಾನು ಅದನ್ನು ಒಪ್ಪುವುದಿಲ್ಲ. ಅಂಬರಿನಲ್ಲಿರುವ ಮ್ಯಾಂಗನೀಸಿನಿಂದಾಗಿ ಈ ಪದರ ಬೇಗ ಒಣಗುತ್ತದೆ. ಐವರಿ ಬ್ಲ್ಯಾಕ್ ಬಹಳ ನಿಧಾನವಾಗಿ ಒಣಗುವ ಬಣ್ಣವಾದ್ದರಿಂದ ಕೆಳಪದರಗಳಲ್ಲಿ ಅದನ್ನು ದಪ್ಪವಾಗಿ ಬಳಸುವುದು ಮುಂದೆ ಬಿರುಕಿಗೆ ದಾರಿ ಮಾಡುತ್ತದೆ.

ಬಣ್ಣಗಳು ಹೆಚ್ಚು ಬೇಡ. ಕ್ಯಾಡ್ಮಿಯಂ ಹಳದಿ, ಕ್ಯಾಡ್ಮಿಯಂ ಕಿತ್ತಳೆ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಮಣ್ಣಿನ ಕೆಂಗಂದು), ಬರ್ನ್ಟ್ ಅಂಬರ್, ಅಲಿಜರಿನ್ ಕ್ರಿಮ್ಸನ್ (ಗಾಢ ಕೆಂಪು), ಅಲ್ಟ್ರಾಮರೀನ್ ನೀಲಿ, ಟೈಟಾನಿಯಂ ಬಿಳಿ, ಇಷ್ಟು ಸಾಕು. ಕ್ಯಾಡ್ಮಿಯಂ ಬಣ್ಣಗಳು ದುಬಾರಿ, ಆದರೆ ವಿದ್ಯಾರ್ಥಿಗಳಿಗೆಂದು ಮಾರುವ ಅಗ್ಗದ ಹಳದಿ ಕಿತ್ತಳೆಗಳಿಗೆ ಕಡುಬಣ್ಣದ ಮೇಲೆ ನಿಲ್ಲುವ ಮೈಕಟ್ಟು ಅನೇಕ ವೇಳೆ ಇರುವುದಿಲ್ಲ. ಹಣ ಉಳಿಸಬೇಕಿದ್ದರೆ ಮಣ್ಣಿನ ಬಣ್ಣಗಳಲ್ಲಿ ಉಳಿಸಿ, ಈ ಎರಡರಲ್ಲಿ ಬೇಡ. ಪ್ಯಾಲೆಟಿನ ಮೇಲೆ ಟೈಟಾನಿಯಂ ಬಿಳಿಯನ್ನು ಉಳಿದವುಗಳಿಂದ ದೂರವಿಟ್ಟು, ಅದಕ್ಕೊಂದು ಪ್ರತ್ಯೇಕ ಕುಂಚ ಮೀಸಲಿಡುವುದು ಒಳ್ಳೆಯದು. ಬಿಳಿ ಸೇರಿದ ಬಣ್ಣ ತಿಳಿಯಾಗುವುದರ ಜೊತೆಗೆ ತಣ್ಣಗೂ ಆಗುತ್ತದೆ. ಬೆಂಕಿಯ ಚಿತ್ರಗಳು ಸುಣ್ಣ ಬಳಿದಂತೆ ಕಾಣಲು ಬಹುಪಾಲು ಕಾರಣ ಇದೇ.

ತಳ ಒಣಗಿದ ಮೇಲೆ ಅಂಬರಿನಲ್ಲೇ ಅದ್ದಿದ ಕುಂಚದಿಂದ ದೊಡ್ಡ ರಾಶಿಗಳನ್ನು ಗುರುತಿಸಿ, ಕತ್ತಲೆಯ ಭಾಗಗಳನ್ನು ಅಲ್ಟ್ರಾಮರೀನ್ ಮತ್ತು ಅಂಬರಿನ ಮಿಶ್ರಣದಿಂದ ತುಂಬಬೇಕು. ಹಸಿ ಇರುವಾಗಲೇ ಬಟ್ಟೆಯನ್ನು ಬೆರಳಿಗೆ ಸುತ್ತಿ, ಬೆಳಕು ತಾಗುವ ಕಡೆಯಲ್ಲೆಲ್ಲ ಒರೆಸಿ ತಳವನ್ನು ಹೊರತೆಗೆಯಬೇಕು: ಗದ್ದಗಳು, ಪಂಚೆಯ ಮಡಿಕೆಗಳು, ಎತ್ತಿನ ಹೊಟ್ಟೆ, ನೆಲದ ಮೇಲಿನ ಬೆಳಕಿನ ಹಾಸು. ಈ ಹಂತದಲ್ಲಿ ಜ್ವಾಲೆಯ ಜಾಗವನ್ನು ಟರ್ಪೆಂಟೈನ್ ತಾಗಿಸಿದ ಬಟ್ಟೆಯಿಂದ ಇನ್ನಷ್ಟು ಉಜ್ಜಿ ಖಾಲಿ ಬಿಡಬೇಕೇ ಹೊರತು ಅಲ್ಲಿ ಯಾವ ಬಣ್ಣವನ್ನೂ ಹಾಕಬಾರದು. ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದಾಗ, ಜ್ವಾಲೆಯೇ ಇಲ್ಲದ ಈ ಕಂದು ಚಿತ್ರದಲ್ಲಿ ಬೆಂಕಿ ಎಲ್ಲಿದೆ ಎಂಬುದು ಯಾರಿಗಾದರೂ ತಿಳಿಯಬೇಕು. ತಿಳಿಯದಿದ್ದರೆ ಮುಂದೆ ಹೋಗದೆ ಇಲ್ಲಿಯೇ ತಿದ್ದುವುದು ಲೇಸು.

ಮುಖ ಮತ್ತು ಮೈಗಳು

ನಮ್ಮ ಕಡೆಯ ಗೋಧಿ ಮತ್ತು ಕಪ್ಪು ಮೈಬಣ್ಣಗಳು ಕಿಚ್ಚಿನ ಬೆಳಕಿಗೆ ಅತ್ಯಂತ ಒದಗುವ ಬಣ್ಣಗಳು. ಗುಲಾಬಿ ಮೈಗೆಂದು ಬರೆದ ವಿದೇಶಿ ಪಾಠಗಳ ಮಿಶ್ರಣ ಇಲ್ಲಿ ಉಪಯೋಗಕ್ಕೆ ಬಾರದು. ನೇರ ಬೆಳಕಿಗೆ ಬರ್ನ್ಟ್ ಸಿಯೆನ್ನಾವನ್ನು ಆಧಾರವಾಗಿಟ್ಟು ಕ್ಯಾಡ್ಮಿಯಂ ಕಿತ್ತಳೆ, ಓಕರ್ ಸೇರಿಸಬೇಕು, ಬಿಳಿ ಬೇಡ. ಬೆಳಕು ನೆರಳಿಗೆ ತಿರುಗುವ ಅಂಚಿನಲ್ಲಿ ಸಿಯೆನ್ನಾದೊಂದಿಗೆ ಅಲಿಜರಿನ್ ಬೆರೆತ ಗಾಢ ಕೆಂಪಿನ ತೆಳು ಪಟ್ಟಿ ಬರಬೇಕು. ಚರ್ಮದೊಳಗೆ ರಕ್ತವಿದೆ ಎನ್ನಿಸುವುದು ಈ ಪಟ್ಟಿಯಿಂದ. ಬೆಂಕಿಗೆ ಬೆನ್ನು ಮಾಡಿದವರ ಕಿವಿಯ ಅಂಚಿನಲ್ಲಿ, ಉರಿಗೆ ಅಡ್ಡ ಹಿಡಿದ ಅಂಗೈಯ ಬೆರಳುಗಳ ಸಂದಿನಲ್ಲಿ ಇದೇ ಕೆಂಪು ಕಿತ್ತಳೆಯಷ್ಟು ಪ್ರಖರವಾಗಿ ಬರುತ್ತದೆ. ನೆರಳಿಗೆ ಅಂಬರ್, ಅಲ್ಟ್ರಾಮರೀನ್, ಚೂರು ಅಲಿಜರಿನ್. ಹಣೆ, ಹೆಗಲು, ತಲೆಗೂದಲಿನ ಮೇಲ್ಭಾಗದಲ್ಲಿ ಆಕಾಶದ ಬೆಳಕಿಗಾಗಿ ಅಲ್ಟ್ರಾಮರೀನ್, ಅಂಬರ್, ಕೊಂಚ ಬಿಳಿ ಸೇರಿಸಿದ ಬೂದು ನೀಲಿಯನ್ನು ಇಡಬಹುದು, ಆದರೆ ಅದು ಬೆಂಕಿಯ ಬೆಳಕಿಗಿಂತ ಸ್ಪಷ್ಟವಾಗಿ ಮಂಕಾಗಿರಬೇಕು. ಈ ನೀಲಿ ತುಸು ಏರಿದರೂ ದೃಶ್ಯಕ್ಕೆ ಬೆಳದಿಂಗಳು ಬಂದುಬಿಡುತ್ತದೆ.

ಎಣ್ಣೆ ಹಚ್ಚಿದ ಕೂದಲು, ಬೆವರಿದ ಎದೆ, ಹಿತ್ತಾಳೆಯ ಗಂಟೆ, ಮೂಗುತಿ, ಬಣ್ಣ ಬಳಿದ ಕೊಂಬು ಇವುಗಳ ಮೇಲಿನ ಹೊಳಪಿನ ಚುಕ್ಕೆಗಳನ್ನು ಕಡೆಯವರೆಗೂ ತಡೆದಿಟ್ಟುಕೊಳ್ಳಬೇಕು. ಎತ್ತಿನ ಕಣ್ಣಿನ ಬಗ್ಗೆ ಒಂದು ಮಾತು: ಕತ್ತಲೆಯಲ್ಲಿ ದನದ ಕಣ್ಣು ಹಸಿರಾಗಿ ಹೊಳೆಯುವುದು ನಿಜ, ಆದರೆ ಆ ಹೊಳಪು ಬೆಳಕಿನ ಮೂಲದ ಕಡೆಯಿಂದಲೇ ನೋಡುವವರಿಗೆ ಮಾತ್ರ ಕಾಣುತ್ತದೆ. ಪಕ್ಕದಿಂದ ನೋಡುವ ನಮ್ಮ ಚಿತ್ರದಲ್ಲಿ ಆ ಹೊಳಪಿಗೆ ಜಾಗವಿಲ್ಲ. ಅಗಲವಾಗಿ ತೆರೆದ, ಅಂಚಿನಲ್ಲಿ ಬಿಳಿ ಕಾಣುವ ಬೆದರಿದ ಕಪ್ಪು ಕಣ್ಣು ಸಾಕು. ಈ ಆಚರಣೆ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ ಕಡೆ ನಡೆಯಲಿ, ಎತ್ತಿನ ಹೆದರಿಕೆಯನ್ನು ಚಿತ್ರಕಾರರು ಮುಚ್ಚಿಡಬಾರದು. ಹಾರುವ ಎತ್ತಿನ ಮುಂಗಾಲುಗಳು ಮಡಚಿರುತ್ತವೆ, ಕುತ್ತಿಗೆ ಮೂಗುದಾರದ ಎಳೆತಕ್ಕೆ ಪಕ್ಕಕ್ಕೆ ಬಾಗಿರುತ್ತದೆ, ಹಿಂದಿನ ಗೊರಸುಗಳು ಇನ್ನೂ ಹುಲ್ಲಿನೊಳಗಿರುತ್ತವೆ. ಜಾತ್ರೆಯ ಗೊಂಬೆಯ ಹಾಗೆ ನಾಲ್ಕು ಕಾಲನ್ನೂ ಚಾಚಿ ತೇಲಿಸಿದರೆ ಭಾರವೇ ಇಲ್ಲದಂತಾಗುತ್ತದೆ.

ಉರಿ ಮತ್ತು ಹೊಗೆ

ಜನ, ದನ, ನೆಲ ಎಲ್ಲವೂ ಮುಕ್ಕಾಲು ಭಾಗ ಮುಗಿದ ಮೇಲೆ ಜ್ವಾಲೆಗೆ ಕೈ ಹಾಕಬೇಕು, ಹಾಕಿದ ಮೇಲೆ ಒಂದೇ ಕೂತಿನಲ್ಲಿ ಹಸಿಯ ಮೇಲೆ ಹಸಿಯಾಗಿ ಮುಗಿಸಬೇಕು. ಹೊರಗಿನಿಂದ ಒಳಕ್ಕೆ ಹೋಗುವುದು ಕ್ರಮ. ಮೊದಲು ಅಲಿಜರಿನ್ ಮತ್ತು ಸಿಯೆನ್ನಾವನ್ನು ಜ್ವಾಲೆಯ ಗಡಿಗಿಂತ ಸ್ವಲ್ಪ ಆಚೆಗೂ ಹರಡುವಂತೆ ತೆಳುವಾಗಿ ಉಜ್ಜಿ, ಅದರೊಳಗೆ ಕಿತ್ತಳೆ, ಕಿತ್ತಳೆಯೊಳಗೆ ಹಳದಿ, ಕಡೆಗೆ ಹಳದಿಯ ಹೃದಯದಲ್ಲಿ ಬಿಳಿ ಬೆರೆಸಿದ ತಿಳಿಹಳದಿಯನ್ನು ಪ್ಯಾಲೆಟ್ ನೈಫಿನಿಂದ ದಪ್ಪವಾಗಿ ಇಡಬೇಕು. ಈ ತಿಳಿಹಳದಿ ಇಡೀ ಚಿತ್ರದಲ್ಲಿ ಅಂಗೈಯಗಲಕ್ಕಿಂತ ಹೆಚ್ಚು ಜಾಗದಲ್ಲಿ ಇರಕೂಡದು.

ಹುಲ್ಲಿನ ಉರಿಯ ಬುಡ ಕಪ್ಪು. ಇನ್ನೂ ಹೊತ್ತಿಕೊಳ್ಳದ ಹುಲ್ಲಿನ ಎಳೆಗಳು ಅಲ್ಲಿ ಗೆರೆಗೆರೆಯಾಗಿ ಕಾಣುತ್ತವೆ, ಕೆಲವು ಎಳೆಗಳ ತುದಿ ಮಾತ್ರ ಕೆಂಪಗೆ ಕಾದಿರುತ್ತದೆ. ಪ್ರಖರವಾದದ್ದು ಅದಕ್ಕಿಂತ ಗೇಣು ಮೇಲಿನ ಭಾಗ. ಅದರ ಮೇಲೆ ಕೆನ್ನಾಲಿಗೆಗಳು ಹರಿದು, ಬುಡದಿಂದ ಕಳಚಿಕೊಂಡು, ಕ್ಷಣಕಾಲ ಗಾಳಿಯಲ್ಲಿ ತೇಲಿ ಆರುತ್ತವೆ. ಜ್ವಾಲೆ ಪಾರದರ್ಶಕ ವಸ್ತು. ತೆಳುವಾದ ಕಡೆಯಲ್ಲಿ ಹಿಂದೆ ನಿಂತವರ ಕಾಲುಗಳು ಮಸುಕಾಗಿ ಕಾಣಬೇಕು, ಬಿಸಿಗಾಳಿಗೆ ಆ ಕಾಲುಗಳ ಅಂಚು ನಡುಗಬೇಕು. ಒಣಗಿದ ಅಗಲ ಕುಂಚದಿಂದ ಮೇಲ್ಮುಖವಾಗಿ ಒಂದೆರಡು ಸಲ ಎಳೆದರೆ ಈ ನಡುಕ ಬರುತ್ತದೆ, ಮೂರನೆಯ ಸಲ ಎಳೆದರೆ ಕೆಸರಾಗುತ್ತದೆ. ಪ್ರತಿ ನಾಲಿಗೆಗೂ ಚೂಪಾದ ಅಂಚು ಕೊಡುವುದು ಕ್ಯಾಲೆಂಡರ್ ಚಿತ್ರಗಳ ಅಭ್ಯಾಸ. ಗಟ್ಟಿ ಅಂಚು ಬೇಕಾದದ್ದು ಮುಂದೆ ನಿಂತ ಕಪ್ಪು ಆಕೃತಿ ಜ್ವಾಲೆಯನ್ನು ಕತ್ತರಿಸುವಲ್ಲಿ ಮಾತ್ರ.

ಹೊಗೆಯ ಬಣ್ಣ ಅದರ ಹಿಂದೆ ಏನಿದೆ ಎಂಬುದನ್ನು ಅವಲಂಬಿಸುತ್ತದೆ. ಕಪ್ಪು ಮರಗಳ ಎದುರು ಅದು ನೀಲಿಯಾಗಿ ಕಾಣುತ್ತದೆ, ಬೆಳಕಿರುವ ಆಕಾಶದ ಎದುರು ಕಂದಾಗಿ ಕಾಣುತ್ತದೆ, ಉರಿಯ ನೇರ ಮೇಲೆ ಕೆಳಗಿನಿಂದ ಬೆಳಗಿ ಕಿತ್ತಳೆಯಾಗುತ್ತದೆ. ಒಂದೇ ಹೊಗೆಯ ಕಂಬದಲ್ಲಿ ಈ ಮೂರೂ ಇರಬಹುದು. ಗುಂಪಿನ ಒಂದು ಭಾಗವನ್ನು ಅಳಿಸಿ ಹಾಕಲು ಹೊಗೆಯಷ್ಟು ಒಳ್ಳೆಯ ನೆಪ ಮತ್ತೊಂದಿಲ್ಲ. ಸಂಯೋಜನೆಯಲ್ಲಿ ಎಲ್ಲಿ ಗಲಿಬಿಲಿ ಇದೆಯೋ ಅತ್ತ ಗಾಳಿಯನ್ನು ತಿರುಗಿಸುವುದು ಜಾಣತನ. ಕಿಡಿಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಸಿಡಿಸುವ ತಂತ್ರ ಬೇಡ, ಅವು ದಡಾರದಂತೆ ಎಲ್ಲೆಡೆ ಸಮನಾಗಿ ಹರಡುತ್ತವೆ. ಗೊರಸು ಹುಲ್ಲನ್ನು ಕೆದರಿದ ಜಾಗದಿಂದ ಹೊಗೆ ವಾಲಿದ ದಿಕ್ಕಿಗೆ ಏಳೆಂಟು ಕಿಡಿಗಳನ್ನು ಸಣ್ಣ ಕುಂಚದ ತುದಿಯಿಂದ ಒಂದೊಂದಾಗಿ ಇಟ್ಟರೆ ಸಾಕು.

ಒಣಗಿಸುವುದು ಮತ್ತು ಆಮೇಲಿನ ಕೆಲಸ

ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಎಂಬ ನಿಯಮ ಎಲ್ಲ ತೈಲಚಿತ್ರಗಳಿಗೂ ಇದ್ದದ್ದೇ. ಕತ್ತಲೆಯ ಚಿತ್ರದಲ್ಲಿ ಪದರಗಳು ಹೆಚ್ಚಾದ್ದರಿಂದ ಅದನ್ನು ಮೀರಿದರೆ ಶಿಕ್ಷೆಯೂ ಹೆಚ್ಚು. ಕೆಲವು ವಾರ ಒಣಗಿಸಿದ ಮೇಲೆ ಗುಂಪಿನ ಹಿಂಭಾಗ ಇನ್ನೂ ಗದ್ದಲ ಮಾಡುತ್ತಿದ್ದರೆ, ಲಿನ್ಸೀಡ್ ಎಣ್ಣೆಯಲ್ಲಿ ತೆಳುವಾಗಿಸಿದ ಅಲ್ಟ್ರಾಮರೀನ್ ಮತ್ತು ಅಂಬರಿನ ಗ್ಲೇಜ್ (ಕೆಳಗಿನ ಬಣ್ಣ ಕಾಣುವಂಥ ಪಾರದರ್ಶಕ ಪದರ) ಒಂದನ್ನು ಅದರ ಮೇಲೆ ಹಾಯಿಸಿ ತಗ್ಗಿಸಬೇಕು. ಕಪ್ಪು ಭಾಗಗಳು ಒಣಗಿದಾಗ ಎಣ್ಣೆ ಇಂಗಿ ಬೂದುಬಣ್ಣಕ್ಕೆ ತಿರುಗುವುದು ಸಾಮಾನ್ಯ. ಗಾಬರಿಯಿಂದ ಮತ್ತೆ ಕಪ್ಪು ಬಳಿಯದೆ, ಒಂದು ಹನಿ ಎಣ್ಣೆಯನ್ನು ಬಟ್ಟೆಯಲ್ಲಿ ಉಜ್ಜಿ ಹೆಚ್ಚಾದದ್ದನ್ನು ಒರೆಸಿ ತೆಗೆದರೆ ಮೊದಲಿನ ಆಳ ಮರಳುತ್ತದೆ. ಮೊಬೈಲಿನಲ್ಲಿ ಚಿತ್ರವನ್ನು ಕಪ್ಪುಬಿಳುಪಾಗಿ ತೆಗೆದು ನೋಡಿದರೆ ಛಾಯೆಗಳ ತಪ್ಪು ಬೇಗ ಸಿಕ್ಕಿಬೀಳುತ್ತದೆ, ಕನ್ನಡಿಯಲ್ಲಿ ನೋಡಿದರೆ ಸಂಯೋಜನೆಯದು.

ಕೆಲಸ ಮುಗಿದ ಮೇಲೆ ಲಿನ್ಸೀಡ್ ಎಣ್ಣೆಯಲ್ಲಿ ತೊಯ್ದ ಬಟ್ಟೆಗಳನ್ನು ಮುದುರಿ ಮೂಲೆಗೆಸೆಯುವುದು ಅಪಾಯ. ಆ ಎಣ್ಣೆ ಗಾಳಿಯೊಂದಿಗೆ ಸೇರಿ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಅವನ್ನು ಒಂದೊಂದಾಗಿ ಹರವಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಬೇಕು. ಒಣಗಿದ ಕ್ಯಾಡ್ಮಿಯಂ ಬಣ್ಣವನ್ನು ಮರಳುಕಾಗದದಿಂದ ಉಜ್ಜಬಾರದು, ಅದರ ಧೂಳು ಶ್ವಾಸಕ್ಕೆ ಹೋಗುವುದು ಹಾನಿಕರ. ಅಂತಿಮ ವಾರ್ನಿಷ್ ಬಳಿಯಲು ರೂಢಿಯಂತೆ ಕನಿಷ್ಠ ಆರು ತಿಂಗಳು ಕಾಯಬೇಕು. ಜ್ವಾಲೆಯಲ್ಲಿ ಬಣ್ಣವನ್ನು ದಪ್ಪವಾಗಿ ಇಟ್ಟಿದ್ದರೆ ಇನ್ನೂ ಹೆಚ್ಚು. ಮಲೆನಾಡಿನಲ್ಲೋ ಕರಾವಳಿಯಲ್ಲೋ ಇರುವವರು ಮಳೆಗಾಲದಲ್ಲಿ ಕ್ಯಾನ್ವಾಸಿನ ಬೆನ್ನಿಗೆ ಗಾಳಿಯಾಡುವಂತೆ ಗೋಡೆಯಿಂದ ಅರ್ಧ ಅಂಗುಲ ಮುಂದಕ್ಕೆ ನಿಲ್ಲಿಸಿದರೆ ಬೂಸ್ಟು ಹಿಡಿಯುವುದು ಕಡಿಮೆಯಾಗುತ್ತದೆ. ತೂಗುಹಾಕುವಾಗ ಕಿಟಕಿಯ ಎದುರುಗೋಡೆಯನ್ನು ಬಿಟ್ಟು ಪಕ್ಕದ ಗೋಡೆಯನ್ನು ಆರಿಸಿಕೊಳ್ಳಬೇಕು, ಏಕೆಂದರೆ ಇಷ್ಟೊಂದು ಕಪ್ಪಿರುವ, ವಾರ್ನಿಷ್ ಬಳಿದ ಚಿತ್ರ ಕಿಟಕಿಗೆ ಎದುರಾದರೆ ಅದರಲ್ಲಿ ಜನರಿಗಿಂತ ಮೊದಲು ಕಾಣುವುದು ಕಿಟಕಿಯ ಸರಳುಗಳು.